ಬ್ಯಾಂಜೋ ಬಾರಿಸುವ ಬಲಗೈ: ನಾಲ್ಕು ತಾಲ್ಲೂಕಿನ ತಂತಿಯ ಕತೆ

ಸವಣೂರಿಗೆ ಹೋದವರು ದೊಡ್ಡಹುಣಸೆ ಕಲ್ಮಠದ ಅಂಗಳಕ್ಕೆ ಕಾಲಿಡದೆ ವಾಪಸ್ ಬರುವುದು ಕಡಿಮೆ. ಅಲ್ಲಿನ ಮರಗಳ ಬೊಡ್ಡೆಯನ್ನು ತಬ್ಬಲು ಒಬ್ಬಿಬ್ಬರ ತೋಳು ಸಾಲದು, ಸಾಲುಗಟ್ಟಿ ಕೈ ಹಿಡಿದು ನಿಲ್ಲಬೇಕು. ಊರವರು ಅದನ್ನು ಕರೆಯುವುದು ದೊಡ್ಡ ಹುಣಸೆ ಎಂದು. ಆದರೆ ಅದು ಹುಣಸೆಯಲ್ಲ, ಆಫ್ರಿಕಾದ ಬಾವೊಬಾಬ್. ದೂರದಿಂದ ಬಂದ ಮರಕ್ಕೆ ನಮ್ಮ ಹಿರಿಯರು ತಮಗೆ ಗೊತ್ತಿದ್ದ ಮರದ ಹೆಸರಿಟ್ಟರು. ಹೆಸರು ಹತ್ತಿರದ್ದು, ಬೇರು ದೂರದ್ದು.

ನಮ್ಮ ಮದುವೆ ಮೆರವಣಿಗೆಗಳಲ್ಲಿ, ಗಣಪತಿ ಹಬ್ಬದಲ್ಲಿ, ಭಜನೆಯಲ್ಲಿ ಕೇಳಿಸುವ 'ಬ್ಯಾಂಜೋ' ಎಂಬ ವಾದ್ಯದ್ದೂ ಇಂಥದೇ ಕತೆ. ಜನರ ಬಾಯಲ್ಲಿ ಅದು ಬೆಂಜೋ. ಹೆಸರಿನ ಬೇರು ಆಫ್ರಿಕಾ ಮತ್ತು ಅಮೆರಿಕದ ಕಡೆಗೆ ಹೋಗುತ್ತದೆ. ಪೆಟ್ಟಿಗೆಯ ಬೇರು ಜಪಾನಿನಲ್ಲಿದೆ. ಬಾರಿಸುವ ಕೈ ಮಾತ್ರ ಇಲ್ಲಿಯದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಸಂಗೀತದ ಚರಿತ್ರೆಯನ್ನು ಈ ಸಲ ನಾವು ಹಾಡಿದ ಗಂಟಲಿನ ಕಡೆಯಿಂದ ನೋಡದೆ, ತಂತಿ ಮೀಟಿದ ಕೈಯ ಕಡೆಯಿಂದ ನೋಡಲು ಹೊರಟಿದ್ದೇವೆ. ಹಾಗೆ ನೋಡಿದಾಗ ನಮಗೆ ಕಂಡದ್ದು ಏನೆಂದರೆ, ಗಂಟಲಿಗೆ ಹೆಸರು ಸಿಕ್ಕಿದೆ, ಕೈಗೆ ಸಿಕ್ಕಿಲ್ಲ.

ಪೆಟ್ಟಿಗೆ ಬಂದದ್ದು ಎಲ್ಲಿಂದ?

ನೀವು ನೋಡಿರುತ್ತೀರಿ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ಸಾಲಾಗಿ ತಂತಿಗಳು, ಒಂದು ಬದಿಗೆ ಹಳೆಯ ಟೈಪ್‌ರೈಟರಿನಲ್ಲಿ ಇದ್ದಂಥ ಗುಂಡಿಗಳು. ಎಡಗೈ ಗುಂಡಿ ಒತ್ತುತ್ತದೆ. ಗುಂಡಿಯ ಕೆಳಗಿನ ಲೋಹದ ಪಟ್ಟಿ ತಂತಿಯನ್ನು ಒತ್ತಿ ಹಿಡಿಯುತ್ತದೆ, ತಂತಿಯ ಉದ್ದ ಕಡಿಮೆಯಾಗುತ್ತದೆ, ಸ್ವರ ಏರುತ್ತದೆ. ಬಲಗೈಯಲ್ಲಿ ಒಂದು ಚಿಕ್ಕ ಪಿಕ್. ಅದು ತಂತಿಯನ್ನು ಮೀಟುತ್ತದೆ. ಕೆಲವು ತಂತಿಗಳು ರಾಗ ನುಡಿಸಲು, ಉಳಿದವು ಗುಂಡಿಯ ಹಂಗಿಲ್ಲದೆ ಶ್ರುತಿ ಕೊಡುತ್ತ ಇರಲು. ಹಿಂದಿ, ಪಂಜಾಬಿ ಕಡೆ ಇದರ ಹೆಸರು ಬುಲ್‌ಬುಲ್ ತರಂಗ್.

ಇದರ ಮೂಲ ಜಪಾನಿನ ತೈಶೋಗೋತೊ. 1912ರಲ್ಲಿ ನಗೋಯಾ ನಗರದ ಗೋರೋ ಮೊರಿತಾ ಎಂಬಾತ ತಂತಿವಾದ್ಯಕ್ಕೆ ಟೈಪ್‌ರೈಟರಿನ ಗುಂಡಿಯನ್ನು ಜೋಡಿಸಿ ಇದನ್ನು ಮಾಡಿದ. ಆ ವರ್ಷವೇ ಜಪಾನಿನಲ್ಲಿ ತೈಶೋ ಚಕ್ರವರ್ತಿಯ ಕಾಲ ಶುರುವಾಗಿತ್ತು, ವಾದ್ಯಕ್ಕೂ ಅದೇ ಹೆಸರು ಬಂತು. ಸಂಗೀತ ಶಾಲೆಗೆ ಹೋಗದವರೂ ಕಲಿಯಬಹುದಾದ, ಹೆಚ್ಚು ದುಡ್ಡು ಬೇಡದ, ಹೆಗಲಿಗೇರಿಸಿ ಒಯ್ಯಬಹುದಾದ ವಾದ್ಯ. ಹಾಗಾಗಿ ಅದು ಹಡಗು ಹತ್ತಿ ಎಲ್ಲೆಡೆ ಹೋಯಿತು. ಪೂರ್ವ ಆಫ್ರಿಕಾದ ಕರಾವಳಿಯ ತಾರಬ್ ಹಾಡುಗಾರಿಕೆಗೆ ಸೇರಿತು. ಬಲೂಚಿಸ್ತಾನದಲ್ಲಿ ಗಾತ್ರ ಬೆಳೆಸಿಕೊಂಡು 'ಬೆಂಜು' ಆಯಿತು. ನಮ್ಮಲ್ಲಿ ಕವ್ವಾಲಿ, ಭಜನೆ, ಮದುವೆಯ ಬ್ಯಾಂಡು ಸೇರಿತು. ಮುಂಬಯಿಯ ಗಣಪತಿ ಮೆರವಣಿಗೆಯಲ್ಲಂತೂ ಇಡೀ ತಂಡಕ್ಕೇ 'ಬ್ಯಾಂಜೋ ಪಾರ್ಟಿ' ಎಂದು ಹೆಸರು.

ಆ ಕಾಲದಲ್ಲಿ ನಮ್ಮ ಸೀಮೆ ಯಾರ ಕೈಯಲ್ಲಿತ್ತು ಎಂಬುದನ್ನೂ ನೆನಪಿಡಬೇಕು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಇದೆಲ್ಲ ಧಾರವಾಡ ಜಿಲ್ಲೆ, 1956ರವರೆಗೆ ಅದು ಇದ್ದದ್ದು ಮುಂಬಯಿ ಆಡಳಿತದಲ್ಲಿ. ನಡುವೆ ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನ, ಅದು ಭಾರತಕ್ಕೆ ಸೇರಿದ್ದು 1948ರಲ್ಲಿ. ಕಚೇರಿ, ವ್ಯಾಪಾರ, ನಾಟಕ ಕಂಪನಿ, ಗ್ರಾಮಫೋನ್ ತಟ್ಟೆ ಎಲ್ಲದಕ್ಕೂ ನಮ್ಮವರು ಮುಖ ಮಾಡುತ್ತಿದ್ದದ್ದು ಬೆಂಗಳೂರಿನ ಕಡೆಗಲ್ಲ, ಪುಣೆ-ಮುಂಬಯಿ ಕಡೆಗೆ. ನಮ್ಮ ಮೆರವಣಿಗೆಯ ಸದ್ದು ಇವತ್ತಿಗೂ ಮೈಸೂರು ಕಡೆಯದಕ್ಕಿಂತ ಮಹಾರಾಷ್ಟ್ರದ್ದಕ್ಕೆ ಹತ್ತಿರ ಇರುವುದರ ಹಿಂದೆ ಈ ಇತಿಹಾಸವಿದೆ.

ಹೆಸರು ಬಂದದ್ದು ಎಲ್ಲಿಂದ?

ಮೂಲ ಬ್ಯಾಂಜೋ ನೋಡಲು ಬೇರೆಯೇ. ದುಂಡನೆಯ ಬಳೆಗೆ ತಮಟೆಯಂತೆ ಚರ್ಮ ಬಿಗಿದು, ಅದಕ್ಕೊಂದು ಉದ್ದ ಕುತ್ತಿಗೆ ಕೂಡಿಸಿ, ಚರ್ಮದ ಮೇಲಿಂದ ತಂತಿ ಹಾಯಿಸಿದ ವಾದ್ಯ. ಪಶ್ಚಿಮ ಆಫ್ರಿಕಾದಲ್ಲಿ ಸೋರೆ ಬುರುಡೆಗೆ ಚರ್ಮ ಹೊದಿಸಿದ ಅಕೊಂಟಿಂಗ್‌ನಂಥ ವಾದ್ಯಗಳು ಈಗಲೂ ಇವೆ. ಗುಲಾಮರಾಗಿ ಹಡಗಿಗೆ ತುಂಬಿಸಲ್ಪಟ್ಟ ಜನ ಕೈಯಲ್ಲಿ ಏನನ್ನೂ ಒಯ್ಯಲು ಆಗಲಿಲ್ಲ. ತಲೆಯಲ್ಲಿ ಒಯ್ದದ್ದನ್ನು ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದಲ್ಲಿ ಮತ್ತೆ ಕಟ್ಟಿಕೊಂಡರು. ಮುಂದೆ ಬಿಳಿಯರು ಅದನ್ನು ರಂಗಮಂಚಕ್ಕೆ ತಂದರು, ಕಾರ್ಖಾನೆಗಳು ತಯಾರಿಸಿದವು, ಮಾಡಿದವರ ಹೆಸರು ಹಿಂದೆ ಬಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಒಂದು ಕವಲು ಟೆನರ್ ಬ್ಯಾಂಜೋ. ನಾಲ್ಕೇ ತಂತಿ, ಚಿಕ್ಕ ಕುತ್ತಿಗೆ, ಪಿಟೀಲಿನಂತೆ ಐದೈದು ಸ್ವರದ ಅಂತರದಲ್ಲಿ ಶ್ರುತಿ. ಇದನ್ನು ಬೆರಳಿನಿಂದಲ್ಲ, ಪಿಕ್‌ನಿಂದ ಬಾರಿಸುತ್ತಾರೆ. ಮೈಕು ಇಲ್ಲದ ಕಾಲದಲ್ಲಿ ಕುಣಿತದ ಬ್ಯಾಂಡಿನ ಕಹಳೆ, ಡ್ರಮ್ಮುಗಳ ನಡುವೆಯೂ ಕೇಳಿಸುವಷ್ಟು ಗಟ್ಟಿ ಸದ್ದು ಇದಕ್ಕಿತ್ತು. 1920ರ ದಶಕ ಇದರ ಸುಗ್ಗಿ. ಹ್ಯಾರಿ ರೀಸರ್‌ನಂಥ ಅಮೆರಿಕದ ವಾದಕರು ಪಿಕ್ಕಿನ ಕೈಚಳಕಕ್ಕೇ ಹೆಸರಾದರು. ಗಿಟಾರಿಗೆ ಕರೆಂಟು ಬಂದ ಮೇಲೆ ಇದು ಮೂಲೆ ಸೇರಿತು. ಆದರೆ ಐರ್ಲೆಂಡಿನ ಹಳ್ಳಿ ಹಾಡಿನ ಕುಣಿತಗಳು ಇದನ್ನು ಕೈಬಿಡಲಿಲ್ಲ. 1960ರ ದಶಕದಲ್ಲಿ ಡಬ್ಲಿನರ್ಸ್ ತಂಡದ ಬಾರ್ನಿ ಮೆಕೆನ್ನಾ ಶ್ರುತಿಯನ್ನು ಪಿಟೀಲಿಗಿಂತ ಒಂದು ಸ್ಥಾಯಿ ಕೆಳಗೆ ಇಳಿಸಿ ನುಡಿಸಿದ ರೀತಿ ಅಲ್ಲಿನವರಿಗೆಲ್ಲ ಮಾದರಿಯಾಯಿತು.

ಇಲ್ಲಿ ಒಂದು ಆಸೆ ಹುಟ್ಟುವುದು ಸಹಜ. ಶಿಗ್ಗಾಂವಿ, ಹಾನಗಲ್ಲಿನ ಗಡಿಗೆ ಅಂಟಿಕೊಂಡ ಮುಂಡಗೋಡ ತಾಲ್ಲೂಕಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನ ಇದ್ದಾರಲ್ಲ, ಬ್ಯಾಂಜೋ ಅವರಿಂದ ಬಂದಿರಬಾರದೇಕೆ? ಕೇಳಲು ಚೆಂದ, ಆದರೆ ಹಾಗಲ್ಲ. ಸಿದ್ದಿಗಳ ಹೆಸರಾಂತ ವಾದ್ಯ ಡಮಾಮಿ, ಅದು ಚರ್ಮವಾದ್ಯ, ತಂತಿಯದಲ್ಲ. ನಮ್ಮ ಬೀದಿಯ ಬ್ಯಾಂಜೋ ಗುಂಡಿಯ ಪೆಟ್ಟಿಗೆ, ಅದರ ದಾರಿ ಜಪಾನಿನದು. ಹೆಸರು ಒಂದೇ ಆದ ಮಾತ್ರಕ್ಕೆ ನೆಂಟಸ್ತನ ಕಟ್ಟಬಾರದು.

ಸ್ವರ ಬೇಗ ಸಾಯುತ್ತದೆ, ಕೈ ಬದುಕಿಸಬೇಕು

ಹಾಗಾದರೆ ಈ ಎರಡು ಬ್ಯಾಂಜೋಗಳಿಗೆ ಇರುವ ನಿಜವಾದ ಸಂಬಂಧ ಯಾವುದು? ಬಲಗೈ.

ಹಾರ್ಮೋನಿಯಂನಲ್ಲಿ ತಿದಿ ಒತ್ತುವವರೆಗೂ ಸ್ವರ ನಿಲ್ಲುತ್ತದೆ. ಪಿಟೀಲಿನಲ್ಲಿ ಕಮಾನು ಎಳೆಯುವವರೆಗೂ ನಿಲ್ಲುತ್ತದೆ. ಮೀಟುವ ವಾದ್ಯದಲ್ಲಿ ಮೀಟಿದ ಕ್ಷಣದಿಂದಲೇ ಸ್ವರ ಇಳಿಯತೊಡಗುತ್ತದೆ. ಟೆನರ್ ಬ್ಯಾಂಜೋದಲ್ಲಿ ತಂತಿಯ ಬಲವನ್ನೆಲ್ಲ ಚರ್ಮ ಒಂದೇ ಸಲ ಎಳೆದುಕೊಂಡು ಜೋರಾಗಿ ಹೊರಹಾಕುತ್ತದೆ, ಹಾಗಾಗಿ ಅದು ಬೇಗ ಮುಗಿಯುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಚರ್ಮವಿಲ್ಲದಿದ್ದರೂ, ಹಾಡುವ ಗಂಟಲಿನಷ್ಟು ಹೊತ್ತು ಅದರ ಸ್ವರವೂ ನಿಲ್ಲದು. ಅದಕ್ಕೆ ಇನ್ನೊಂದು ತೊಡಕೂ ಇದೆ. ಸಿತಾರಿನಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಗುಂಡಿ ಒತ್ತಿದ ಬ್ಯಾಂಜೋದಲ್ಲಿ ಸ್ವರ ನಿಂತಲ್ಲಿಯೇ ನಿಲ್ಲುತ್ತದೆ.

ಅಂದಮೇಲೆ 'ಆ' ಎಂದು ಎಳೆದು ಹಾಡಿದ ಸಾಲನ್ನು ಇದರಲ್ಲಿ ನುಡಿಸುವುದು ಹೇಗೆ? ಪಿಕ್ಕನ್ನು ಒಂದೇ ಸ್ವರದ ಮೇಲೆ ಕೆಳಗೆ-ಮೇಲೆ, ಕೆಳಗೆ-ಮೇಲೆ ಬಿಡದೆ ಓಡಿಸಬೇಕು. ಪೆಟ್ಟುಗಳ ನಡುವಿನ ಸಂದು ಕಿವಿಗೆ ಗೊತ್ತಾಗದಷ್ಟು ವೇಗವಾಗಿ, ಒಂದು ಪೆಟ್ಟು ಜೋರು ಒಂದು ಮೆತ್ತಗೆ ಆಗದಷ್ಟು ಸಮವಾಗಿ. ಹೊಸಬರು ಮೊಣಕೈಯಿಂದ ಬಾರಿಸುತ್ತಾರೆ, ಅರ್ಧ ಹಾಡಿಗೇ ತೋಳು ಸೋಲುತ್ತದೆ. ಪಳಗಿದವರ ತೋಳು ಅಲುಗುವುದೇ ಇಲ್ಲ, ಮಣಿಕಟ್ಟಷ್ಟೇ ಆಡುತ್ತದೆ. ಪಿಕ್ಕನ್ನು ಬಿಗಿಯಾಗಿ ಹಿಡಿದರೆ ಸದ್ದು ಕರ್ಕಶ, ಸಡಿಲ ಹಿಡಿದರೆ ಜಾರಿ ಬೀಳುತ್ತದೆ. ತಂತಿಯೊಳಗೆ ಆಳಕ್ಕೆ ಇಳಿಸಿದರೆ ಸಿಕ್ಕಿಕೊಳ್ಳುತ್ತದೆ, ತುದಿಯಷ್ಟೇ ತಾಗಬೇಕು. ಜತೆಗೆ ರಾಗದ ತಂತಿ ಯಾವಾಗ, ಶ್ರುತಿಯ ತಂತಿ ಯಾವಾಗ ಎಂಬ ಲೆಕ್ಕವೂ ಅದೇ ಕೈಯದು. ಎಡಗೈ ಕೆಲಸವನ್ನು ಗುಂಡಿ ಹಗುರ ಮಾಡಿಕೊಟ್ಟಿದೆ. ಬಲಗೈಗೆ ಯಾವ ಗುಂಡಿಯೂ ಇಲ್ಲ.

ಐರಿಷ್ ವಾದಕರು ಒಂದು ಪೆಟ್ಟಿನ ಜಾಗದಲ್ಲಿ ಕೆಳಗೆ-ಮೇಲೆ-ಕೆಳಗೆ ಎಂದು ಮೂರು ಪೆಟ್ಟು ತುರುಕಿ ಹಾಡಿಗೆ ಕುಣಿತ ತರುತ್ತಾರೆ. ನಮ್ಮ ಸಿತಾರಿನವರು 'ದಾ', 'ರಾ', 'ದಿರ್ ದಿರ್' ಎಂಬ ಬೋಲುಗಳಲ್ಲಿ ಕಲಿಸುವುದೂ ಇದನ್ನೇ. ಒಳಗಿನ ಪೆಟ್ಟು, ಹೊರಗಿನ ಪೆಟ್ಟು, ಜೋಡಿ ಪೆಟ್ಟು. ಭಾಷೆ ಬೇರೆ, ಮಣಿಕಟ್ಟಿನ ಕಷ್ಟ ಒಂದೇ.

ಕೈ ಮೊದಲೇ ಸಿದ್ಧವಿತ್ತು

ಜಪಾನಿನ ಪೆಟ್ಟಿಗೆ ಇಲ್ಲಿಗೆ ಬರುವ ಹೊತ್ತಿಗೆ ನಮ್ಮ ಸೀಮೆಯ ಕೈಗಳಿಗೆ ತಂತಿ ಹೊಸದಾಗಿರಲಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರನ್ನು ನಾವು ಚಿತ್ರದಲ್ಲಿ ಕಾಣುವುದೇ ತಂಬೂರಿಯೊಂದಿಗೆ. ಅದೇ ತಾಲ್ಲೂಕಿನ ಶಿಶುವಿನಹಾಳದ ಸಂತ ಶರೀಫರ (1819–1889) ತತ್ವಪದಗಳು ಊರೂರು ತಿರುಗಿದ್ದು ಏಕತಾರಿ, ದಮ್ಮಡಿ, ತಾಳಗಳ ಜತೆ. ಮೊಹರಂನ ಅಲಾವಿ ಕುಣಿತಕ್ಕೂ ಶರೀಫರು ಪದ ಕಟ್ಟಿದ್ದಾರೆ. ಏಕತಾರಿಯಲ್ಲಿ ಎಡಗೈಗೆ ಕೆಲಸವೇ ಇಲ್ಲ, ಇರುವುದು ಒಂದೇ ತಂತಿ, ಒಂದೇ ಸ್ವರ. ಪದ ಮುಗಿಯುವವರೆಗೂ ಲಯ ತಪ್ಪದೆ ಮೀಟುವ ಬೆರಳೇ ಅದರ ವಿದ್ಯೆ.

ಇನ್ನು ಚೌಡಿಕೆ. ಸವದತ್ತಿ ಎಲ್ಲಮ್ಮನ ಜೋಗತಿಯರ ಕೈಯಲ್ಲಿ ಇರುವ ಈ ವಾದ್ಯವನ್ನು ಸರಿಯಾಗಿ ಗಮನಿಸಿ. ಕೊಳಗದಂಥ ಒಡಲು, ತಳದಲ್ಲಿ ಬಿಗಿದ ಚರ್ಮ, ಆ ಚರ್ಮದ ನಡುವಿನಿಂದ ಹೊರಟ ತಂತಿ ಪಕ್ಕದ ಕೋಲಿನ ತುದಿಯ ಬಿರಡೆಗೆ ಹೋಗುತ್ತದೆ. ಕಂಕುಳಲ್ಲಿ ಅವುಚಿಕೊಂಡು ಚಿಕ್ಕ ಕಡ್ಡಿಯಿಂದ ಮೀಟುತ್ತಾರೆ. ಚರ್ಮ, ತಂತಿ, ಕಡ್ಡಿ ಈ ಮೂರೂ ಕೂಡಿದ ವಾದ್ಯ ಎಂಬ ಅರ್ಥದಲ್ಲಿ ಆಫ್ರಿಕಾದ ಬ್ಯಾಂಜೋಗೆ ನಮ್ಮ ಕಡೆಯ ಹತ್ತಿರದ ಜೋಡಿ ಮೆರವಣಿಗೆಯ ಪೆಟ್ಟಿಗೆಯಲ್ಲ, ಚೌಡಿಕೆ. ಎರಡನ್ನೂ ಬಾರಿಸಿದವರು ಸಮಾಜ ಹೊರಗೆ ನಿಲ್ಲಿಸಿದ ಜನ ಎಂಬುದೂ ನಿಜ. 2021ರಲ್ಲಿ ಜೋಗತಿ ಮಂಜಮ್ಮನವರಿಗೆ ಪದ್ಮಶ್ರೀ ಬಂದಾಗ ಈ ಪರಂಪರೆಗೆ ಮೊದಲ ಸಲ ದೊಡ್ಡ ಬೆಳಕು ಬಿತ್ತು.

ಶಾಸ್ತ್ರೀಯ ಸಂಗೀತದ ಕಡೆಯಿಂದಲೂ ನೆರವಿತ್ತು. ಬೀನ್‌ಕಾರ ಬಂದೇ ಅಲಿ ಖಾನರ ಶಿಷ್ಯ, ಸಿತಾರರತ್ನ ರಹಿಮತ್ ಖಾನರು ಧಾರವಾಡದಲ್ಲಿ ನೆಲೆನಿಂತು ಸಿತಾರಿನ ಮನೆತನವನ್ನೇ ಕಟ್ಟಿದರು. ಅವರ ಮೊಮ್ಮಗ ಉಸ್ತಾದ್ ಬಾಲೇ ಖಾನರ ಸಿತಾರನ್ನು ನಮ್ಮ ಹಿರಿಯರನೇಕರು ಧಾರವಾಡ ಆಕಾಶವಾಣಿಯಲ್ಲಿ ಕೇಳಿದ್ದಾರೆ. ಸಿತಾರಿನವರ ತೋರುಬೆರಳಿಗೆ ತಂತಿಯ ಮಿಜ್ರಾಬ್, ಸರೋದಿನವರ ಕೈಗೆ ತೆಂಗಿನ ಕರಟದ ತುಂಡು. ಸರೋದಿನ ಹೊಟ್ಟೆಗೂ ಚರ್ಮವೇ ಹೊದಿಕೆ. ಕನ್ನಡದ ರಾಜೀವ ತಾರಾನಾಥರು (1932–2024) ಆ ವಾದ್ಯವನ್ನು ಜಗತ್ತಿಗೆಲ್ಲ ಕೇಳಿಸಿದರು. ತಂಬೂರಿ, ಸಿತಾರು ಬೇಕೆಂದರೆ ನಮ್ಮವರು ಹೋಗುತ್ತಿದ್ದ ಮಿರಜವೂ ದೂರವೇನಲ್ಲ. ಅಲ್ಲಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಹಾರ್ಮೋನಿಯಂಗೆ ಸಿಕ್ಕ ಮರ್ಯಾದೆ

ಬ್ಯಾಂಜೋ ಎಂದರೆ ಮೂಗು ಮುರಿಯುವವರಿದ್ದಾರೆ. ಪರದೇಶದ್ದು, ಸ್ವರ ಜಾರುವುದಿಲ್ಲ, ಬೀದಿಯದು ಎಂಬುದು ಅವರ ಮಾತು. ಹಾರ್ಮೋನಿಯಂ ಕೂಡ ಇದೇ ಮಾತು ಕೇಳಿಸಿಕೊಂಡಿತ್ತು ಎಂಬುದನ್ನು ಅವರಿಗೆ ನೆನಪಿಸಬೇಕು. ಅದು ಯುರೋಪಿನಿಂದ ಬಂದ ವಾದ್ಯ. ಗಮಕ ಬಾರದು ಎಂಬ ಕಾರಣಕ್ಕೆ 1940ರಲ್ಲಿ ಆಕಾಶವಾಣಿ ಅದಕ್ಕೆ ಬಾಗಿಲು ಹಾಕಿತು. 1971ರಲ್ಲಷ್ಟೇ ಆ ಬಿಗಿ ಸ್ವಲ್ಪ ಸಡಿಲಾಯಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗ ನಮ್ಮ ಸೀಮೆಯ ಭಜನಾ ಮೇಳಗಳಲ್ಲಿ, ನಾಟಕದ ತಂಡಗಳಲ್ಲಿ ಹಾರ್ಮೋನಿಯಂ ಇತ್ತು, ರೇಡಿಯೋ ಸಂಗೀತದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹಾರ್ಮೋನಿಯಂ ನಮ್ಮದಾದದ್ದು ಆದೇಶದಿಂದಲ್ಲ, ಬಳಕೆಯಿಂದ. ಅದರಲ್ಲಿ ಹಾನಗಲ್ ತಾಲ್ಲೂಕಿನ ಪಾಲು ದೊಡ್ಡದು. ಪಂಚಾಕ್ಷರ ಗವಾಯಿಗಳು (1892–1944) ಹುಟ್ಟಿದ್ದು ಈ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಪುಟ್ಟರಾಜ ಗವಾಯಿಗಳು (1914–2010) ದೇವಗಿರಿಯಲ್ಲಿ. ಇಬ್ಬರಿಗೂ ಕಣ್ಣಿರಲಿಲ್ಲ. ಇಬ್ಬರ ಬೆನ್ನಿಗೂ ಹಾನಗಲ್ ಕುಮಾರಸ್ವಾಮಿಗಳ ಹರಕೆಯಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು, ಬಡ ಮಕ್ಕಳು ಉಂಡು ಕಲಿತರು, ನಾಟಕ ಕಂಪನಿಯ ಗಳಿಕೆಯೂ ಆ ಅನ್ನಕ್ಕೆ ಸೇರಿತು. ಅಲ್ಲಿ ಕಲಿತವರು ಹಾರ್ಮೋನಿಯಂ, ತಬಲಾ, ಪಿಟೀಲು ಹಿಡಿದು ಊರೂರಿಗೆ ಸಂಗೀತ ಶಿಕ್ಷಕರಾಗಿ ಹೋದರು. ಒಂದು ಪರದೇಶದ ಪೆಟ್ಟಿಗೆಗೆ ಗುರು, ಪಾಠ, ಪರೀಕ್ಷೆ, ಅನ್ನ ಎಲ್ಲವೂ ಸಿಕ್ಕಿತು. ಅದರ ಹಿಂದೆಯೇ ಬಂದ ಇನ್ನೊಂದು ಪೆಟ್ಟಿಗೆಗೆ ಬೀದಿಯೇ ಗುರುಕುಲವಾಯಿತು. ಸಿನಿಮಾ ಹಾಡು ಕೇಳಿ, ಹಿರಿಯ ವಾದಕನ ಪಕ್ಕ ನಿಂತು, ಕೈ ನೋಡಿ ಕಲಿಯಬೇಕು. ಅದನ್ನು ಕಲಿಸುವ ಪುಸ್ತಕವನ್ನು ನಾವು ಕನ್ನಡದಲ್ಲಿ ಕಂಡಿಲ್ಲ.

ಹೆಸರು ಯಾರದು ಉಳಿಯಿತು?

ಹಾನಗಲ್ ಎಂಬ ಊರಿನ ಹೆಸರನ್ನು ಸಂಗೀತ ಲೋಕದ ತುಂಬ ಒಯ್ದವರು ಗಂಗೂಬಾಯಿ. 1930ರ ದಶಕದ ಆರಂಭದಲ್ಲಿ ಅವರ ಮೊದಲ ತಟ್ಟೆಗಳು ಬಂದಾಗ ಅದರ ಮೇಲೆ ಅಚ್ಚಾದದ್ದು 'ಗಾಂಧಾರಿ ಹಾನಗಲ್' ಎಂದು. ಕಂಪನಿ ಹೆಸರನ್ನು ಬದಲಿಸಿತು ನಿಜ, ಆದರೂ ಒಂದು ಹೆಸರಿತ್ತು. ಆ ಕಾಲದ ತಟ್ಟೆಗಳ ಮೇಲೆ ಪಕ್ಕವಾದ್ಯದವರಿಗೆ ಸಾಮಾನ್ಯವಾಗಿ ಅಷ್ಟೂ ಸಿಗುತ್ತಿರಲಿಲ್ಲ. ತಂಬೂರಿ ಮೀಟಿದವರು ಯಾರು? ಕಚೇರಿ ಪೂರ್ತಿ ಗಂಟೆಗಟ್ಟಲೆ ಅದೇ ನಾಲ್ಕು ತಂತಿಯನ್ನು ಒಂದೇ ಹದದಲ್ಲಿ ನುಡಿಸಿದವರು ಯಾರು? ಕೇಳಿದವರು ಕಡಿಮೆ.

ಹಿರೇಕೆರೂರು ತಾಲ್ಲೂಕಿನ ಜನ ತಮ್ಮ ಸೀಮೆಯ ಸರ್ವಜ್ಞನ ಬಗ್ಗೆ ಹೆಮ್ಮೆಪಡುತ್ತಾರೆ. ಅವನ ಮಾತು ಬರಹಕ್ಕೆ ಇಳಿಯುವ ಮೊದಲು ಬಾಯಿಂದ ಬಾಯಿಗೆ ಬದುಕಿತು. ಮಾತಿಗೆ ಆ ಅನುಕೂಲ ಇದೆ, ಒಬ್ಬರು ಮರೆತರೆ ಇನ್ನೊಬ್ಬರು ಹೇಳುತ್ತಾರೆ. ಮಣಿಕಟ್ಟಿನ ವಿದ್ಯೆಗೆ ಆ ಅನುಕೂಲ ಇಲ್ಲ. ನೋಡಿ ಕಲಿಯುವವರು ಪಕ್ಕದಲ್ಲಿ ಇಲ್ಲದಿದ್ದರೆ ಅದು ಆ ಕೈಯೊಂದಿಗೇ ಮುಗಿಯುತ್ತದೆ.

ಈಗ ಮುಗಿಯುವ ಲಕ್ಷಣವೇ ಕಾಣುತ್ತಿದೆ. ಮೆರವಣಿಗೆಗೆ ಡಿಜೆ ಬಂದಿದೆ. ಬ್ಯಾಂಡಿನಲ್ಲಿ ಕೀಬೋರ್ಡ್ ಬಂದಿದೆ, ಅದರ ಒಂದು ಗುಂಡಿ ಒತ್ತಿದರೆ ಬ್ಯಾಂಜೋದ ಸದ್ದೂ ಬರುತ್ತದೆ. ಟೆನರ್ ಬ್ಯಾಂಜೋವನ್ನು ಗಿಟಾರು ಮೂಲೆಗೆ ತಳ್ಳಿದ ಹಾಗೆ ಇದು ಕೂಡ. ಆದರೆ ಐರ್ಲೆಂಡಿನಲ್ಲಿ ಅದು ಉಳಿಯಿತು. ಹಳ್ಳಿಯ ಜನ ಅದನ್ನು ತಮ್ಮ ಹಾಡಿಗೆ ಬೇಕಾದ ವಾದ್ಯ ಎಂದು ಒಪ್ಪಿಕೊಂಡರು, ಬಾರಿಸಿದವರ ಧ್ವನಿಮುದ್ರಣ ಮಾಡಿಟ್ಟರು, ಹೆಸರು ಹೇಳಿ ಕಲಿತರು.

ನಮಗೂ ಸಾಧನಗಳಿಗೆ ಕೊರತೆಯಿಲ್ಲ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೇ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ. ಬ್ಯಾಂಜೋ ಜಾನಪದ ಹೌದೋ ಅಲ್ಲವೋ ಎಂಬ ಚರ್ಚೆ ಪಂಡಿತರು ಮಾಡಲಿ. ಒಂದು ವಾದ್ಯವನ್ನು ಜನ ತಾವೇ ಆರಿಸಿಕೊಂಡು, ತಮ್ಮ ಮದುವೆಗೆ ತಮ್ಮ ಹಬ್ಬಕ್ಕೆ ತಲೆಮಾರುಗಳಿಂದ ಬಾರಿಸಿದ್ದಾರೆ ಎಂದರೆ ಅದು ಜನಪದವಲ್ಲದೆ ಇನ್ನೇನು ಎಂಬುದು ನಮ್ಮ ಅನಿಸಿಕೆ.

ಗ್ರಾಮೀಣ ಪತ್ರಿಕೋದ್ಯಮ ಓದಿದ ನಾವು ಮಾಡಬಹುದಾದ ಕೆಲಸ ಚಿಕ್ಕದು, ಆದರೆ ಇವತ್ತೇ ಮಾಡಬಹುದಾದದ್ದು. ಮುಂದಿನ ಲಗ್ನದ ಸೀಜನ್ನಿನಲ್ಲಿ ಬ್ಯಾಂಜೋದವರು ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂರೋಣ. ಐದು ಪ್ರಶ್ನೆ ಕೇಳೋಣ. ಯಾರ ಕೈ ನೋಡಿ ಕಲಿತಿರಿ? ವಾದ್ಯ ಎಲ್ಲಿ ಕೊಂಡಿರಿ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಪಿಕ್ ಯಾವುದರಿಂದ ಮಾಡಿಕೊಳ್ಳುತ್ತೀರಿ? ತಂತಿಗಳ ಶ್ರುತಿ ಹೇಗೆ ಕೂಡಿಸುತ್ತೀರಿ? ಮೊದಲು ಕಲಿತ ಹಾಡು ಯಾವುದು? ಅವರು ಒಪ್ಪಿದರೆ ಮೊಬೈಲಿನಲ್ಲಿ ಎರಡು ನಿಮಿಷ ಅವರ ಬಲಗೈಯನ್ನು ಹತ್ತಿರದಿಂದ ಚಿತ್ರಿಸಿಕೊಳ್ಳೋಣ. ಕೆಳಗೆ ಅವರ ಹೆಸರು, ಊರು, ತೇದಿ ಬರೆಯೋಣ. ಮದುವೆಯ ವಿಡಿಯೋಗಳಲ್ಲಿ ಅವರ ಸದ್ದು ಬೇಕಾದಷ್ಟಿದೆ, ಹೆಸರು ಮಾತ್ರ ಇಲ್ಲ.

ಸವಣೂರಿನ ಮರಕ್ಕೆ ಹುಣಸೆ ಎಂದು ತಪ್ಪು ಹೆಸರಿಟ್ಟರೂ ಊರವರು ಅದಕ್ಕೆ ನೆರಳಿನ, ಮಠದ ಮರ್ಯಾದೆ ಕೊಟ್ಟರು, ಅದು ಉಳಿಯಿತು. ಈ ಪೆಟ್ಟಿಗೆಗೂ ಬೇರೆ ವಾದ್ಯದ ಹೆಸರಿಟ್ಟಿದ್ದೇವೆ, ಚಿಂತೆಯಿಲ್ಲ. ಬಾರಿಸುವವರನ್ನು ಅವರವರ ಹೆಸರಿನಿಂದಲೇ ಕರೆಯೋಣ. ನಿಮ್ಮ ಊರಿನ ಬ್ಯಾಂಜೋದವರು ಯಾರು? ಬರೆದು ಕಳಿಸಿ, ನಾವು ಬರುತ್ತೇವೆ.